ಎರಡು ಮಾಳಿಗೆಯ ಮಣ್ಣು

ಹಳ್ಳದ ಓಣಿ, ಸಿಂಧನೂರು
೧೯೪೯ ಜೂನ್ ೫

ಪ್ರೀತಿಯ ಜಮೀಲಾ,

‘ಹೊಲದ ಮಣ್ಣು ಮುಗಿಲಿಗೆ ಬಾ ಅಂತು, ಮಾಳಿಗಿ ಮಣ್ಣು...’ ಮುಂದೆ ಏನು? ನಿನ್ನ ಅತ್ತೆ ಮಾಳಿಗೆಯ ಮಣ್ಣು ಬಡಿಯುವಾಗ ಹಾಡುತ್ತಿದ್ದ ಸಾಲು. ಮೂರು ದಿನದಿಂದ ಅರ್ಧವೇ ನಾಲಗೆಯ ಮೇಲೆ ಕೂತಿದೆ. ‘ಬ್ಯಾಡ ಅಂತು’ ಎಂದಿತ್ತೇ? ಇರಲಾರದು. ನಮ್ಮ ಸೀಮೆಯ ಹೆಂಗಸು ಮಳೆಗೆ ಬೇಡ ಎನ್ನುತ್ತಾಳೆಯೇ, ಅದೂ ಹಾಡಿನಲ್ಲಿ? ಹೊಲದಲ್ಲಿದ್ದರೆ ಒಂದು ಮಾತು, ಮಾಳಿಗೆ ಏರಿದರೆ ಇನ್ನೊಂದು ಮಾತು ಆಡಬೇಕಾದ ಮಣ್ಣಿನ ಪಾಡು ಏನು ಎಂದು ಯೋಚಿಸುತ್ತ ಕೂತಿದ್ದೆ. ನಿನಗೆ ನೆನಪಿದ್ದರೆ ಬರೆ.

ನೀವು ಲಿಂಗಸುಗೂರಿನಲ್ಲಿ ನಿನ್ನ ಅಣ್ಣನ ಮನೆಯಲ್ಲಿದ್ದೀರಿ ಎಂದು ಬಂಡಿ ಹೊಡೆಯುವ ಗೌಸ್‌ಸಾಬ್ ಮೊನ್ನೆ ಸಂತೆಯಲ್ಲಿ ಹೇಳಿದ. ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ ನೀವು ಊರು ಬಿಟ್ಟ ಮೇಲೆ, ಒಂಬತ್ತು ತಿಂಗಳಿನಿಂದ ನೀವು ಬದುಕಿದ್ದೀರೋ ಇಲ್ಲವೋ ತಿಳಿಯದೆ ಇದ್ದೆ. ರಹಿಮಾನಣ್ಣ, ನಿಮ್ಮ ಮಗಳು ಖಾತೂನ್ ಇಬ್ಬರೂ ಕ್ಷೇಮವೆಂದು ಕೇಳಿ, ಸಂತೆಯಲ್ಲೇ ಬರೆಯಲು ಈ ಕಾಗದ ಕೊಂಡೆ.

ಮಿರಗದ ಮಳೆಗೆ ಮುಂಚೆ ನಮ್ಮ ಮಾಳಿಗೆಗೆ, ಸೋರದಂತೆ, ಸವಳು ಮಣ್ಣು ಹಾಕಿದೆ. ನಿಮ್ಮದಕ್ಕೂ ಹಾಕಿದೆ. ಉಪಕಾರವೆಂದು ತಿಳಿಯಬೇಡ. ನಮ್ಮಿಬ್ಬರ ಮನೆಗೂ ನಡುಗೋಡೆ ಒಂದೇ. ನಿಮ್ಮ ಜಂತಿಯ ತುದಿ, ನಮ್ಮ ಜಂತಿಯ ತುದಿ ಅದೇ ಗೋಡೆಯೊಳಗೆ ಎದುರುಬದುರು ಕೂತಿವೆ. ನಿಮ್ಮ ಮಾಳಿಗೆ ಸೋರಿದರೆ ನನ್ನ ಗೋಡೆ ಬೀಳುತ್ತದೆ. ಇದು ನನ್ನ ಸ್ವಾರ್ಥ. ಎದುರು ಮನೆಯ ಕರೆಮ್ಮ ಕೆಳಗೆ ನಿಂತು ಕೂಗಿದಳು: ‘ಒಂದು ಮನಿ ಸೊಸಿ ಆಗಿ ಸಾಕಾಗಿಲ್ಲೇನ ಸಂಗಮ್ಮಕ್ಕ? ಎರಡು ಮನಿ ಮಾಳಿಗಿ ತುಳ್ಯಾಕತ್ತೀಯಲ್ಲ!’ ಅವಳ ಬಾಯಿ ಹಾಗೆ. ಸಂಜೆ ಅವಳೇ ನಾಲ್ಕು ಬುಟ್ಟಿ ಮಣ್ಣು ಹೊತ್ತು ತಂದು ಹಾಕಿದಳು.

ನಿಮ್ಮ ಬಾಗಿಲಿಗೆ ಬೀಗ ಇದೆ. ಹಳ್ಳ ಒಣಗಿದೆ. ನೀನು ಬಟ್ಟೆ ಸೆಣೆಯುತ್ತಿದ್ದ ಬಂಡೆಯ ಮೇಲೆ ಈಗ ಯಾರೂ ಸೆಣೆಯುವುದಿಲ್ಲ.

ಬರೆಯಲು ಬೇಸರ ಪಡಬೇಡ. ರಹಿಮಾನಣ್ಣನಿಗೆ ಶರಣು ಹೇಳು.

ನಿನ್ನ ಸಂಗಮ್ಮ


ಲಿಂಗಸುಗೂರು
೧೯೪೯ ಜುಲೈ ೨

ಸಂಗಮ್ಮಕ್ಕನಿಗೆ ಜಮೀಲಾಳ ಸಲಾಮು.

ಕಾಗದ ಮುಟ್ಟಿತು. ಅವರಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ತಪ್ಪಿದ್ದರೆ ಬೈಯಬೇಡ. ಮದುವೆಯಾಗಿ ಆ ಓಣಿಗೆ ಬಂದ ಹೊಸತರಲ್ಲಿ ನೀನು ನನಗೆ ಅಕ್ಷರ ಕಲಿಸಿದ್ದು ಹಳ್ಳದ ಉಸುಕಿನ ಮೇಲೆ. ಉಸುಕಿನಲ್ಲಾದರೆ ತಪ್ಪನ್ನು ಅಂಗೈಯಿಂದ ಸವರಿಬಿಡಬಹುದಿತ್ತು. ಕಾಗದದ ಮೇಲೆ ಹೆದರಿಕೆಯಾಗುತ್ತದೆ.

ಇಲ್ಲಿ ಅಣ್ಣನ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಅತ್ತಿಗೆ ಒಳ್ಳೆಯವಳು. ಅವರು ಎರಡು ಸಲ ಬಣ್ಣ ಕಲಸಿ ನೋಡಿದರು. ಇಲ್ಲಿಯ ಬಾವಿ ನೀರಿಗೆ ಬಣ್ಣ ಹತ್ತುವುದಿಲ್ಲ. ಹತ್ತಿದ್ದು ಒಗೆದರೆ ಉಳಿಯುವುದಿಲ್ಲ. ಈಗ ಸುಮ್ಮನೆ ಕೂರುತ್ತಾರೆ. ಬಣ್ಣಗಾರನ ಕೈ ಬೆಳ್ಳಗಾಗುವುದನ್ನು ನೀನು ನೋಡಿಲ್ಲ. ಮೊದಲು ಉಗುರುಗಳು ಬೆಳ್ಳಗಾಗುತ್ತವೆ.

ಅವರು ಒಂದೇ ಮಾತು ಕೇಳುತ್ತಾರೆ. ‘ಬಾನಿ ಹ್ಯಾಂಗ ಅದಾವ? ಸಂಗಮ್ಮಕ್ಕಗ ಬರೀ ಅನ್ನು.’ ಹಿತ್ತಲಿನಲ್ಲಿ ಬಣ್ಣ ಕಲಸುವ ನಾಲ್ಕು ಮಣ್ಣಿನ ಬಾನಿಗಳು, ಅವರ ಅಪ್ಪನ ಕಾಲದವು. ನಾವು ಹೊರಟ ದಿನ ಎರಡರಲ್ಲಿ ನೀಲಿ ತುಂಬಿತ್ತು. ಬೇರೆ ಏನು ಬರೆಯದಿದ್ದರೂ ಅದೊಂದು ಬರೆ.

ಮಾಳಿಗೆಗೆ ಮಣ್ಣು ಹಾಕಿ ಯಾಕೆ ದಣಿಯುತ್ತೀ? ನಾವು ಯಾವಾಗ ಬರುತ್ತೇವೋ.

ಜಮೀಲಾ


ಹಳ್ಳದ ಓಣಿ, ಸಿಂಧನೂರು
೧೯೫೦ ಆಗಸ್ಟ್ ೨೦

ಪ್ರೀತಿಯ ಜಮೀಲಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ವರ್ಷ ಹಿಡಿಯಿತು. ಕೆಲಸ ಎನ್ನಲೇ, ಮೈಗಳ್ಳತನ ಎನ್ನಲೇ? ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದೆ.

ಈ ಸಲವೂ ಎರಡೂ ಮಾಳಿಗೆಗೆ ಮಣ್ಣು ಹಾಕಿದೆ. ಹೋದ ಮಳೆಗಾಲದಲ್ಲಿ ನಿಮ್ಮ ಮಾಳಿಗೆ ಒಂದು ಮೂಲೆಯಲ್ಲಿ ಸೋರಿ, ನನ್ನ ಅಡುಗೆಮನೆಯ ಗೋಡೆಯ ಮೇಲೆ ಒಂದು ಗೆರೆ ಇಳಿಯಿತು. ನೀಲಿ ಗೆರೆ. ರಹಿಮಾನಣ್ಣ ಬಾನಿಯ ತಳದ ಗಸಿಯನ್ನು ಮಾಳಿಗೆಯ ಆ ಮೂಲೆಗೆ ಸುರಿಯುತ್ತಿದ್ದರಲ್ಲ, ಅದು ಮಣ್ಣಿನೊಳಗೆ ಇನ್ನೂ ಇತ್ತು. ದೀಪಾವಳಿಗೆ ಸುಣ್ಣ ಹಚ್ಚುವಾಗ ಅದೊಂದನ್ನು ಬಿಟ್ಟು ಹಚ್ಚಿದೆ. ನನ್ನ ಮೈದುನ ಸೂಗಪ್ಪ ಕೇಳಿದ: ‘ಅತ್ತಿಗೆಮ್ಮ, ಅದನ್ಯಾಕ ಬಿಟ್ರಿ? ಗ್ವಾಡಿಗೆ ಹುಣ್ಣಾದಂಗ ಕಾಣತೈತಿ.’ ಸುಣ್ಣ ಸಾಲಲಿಲ್ಲ ಎಂದೆ.

ಬಾನಿಗಳ ವಿಷಯ ಕೇಳಿದ್ದೀ. ನೀವಿಲ್ಲದಾಗ ನಿಮ್ಮ ಮನೆಯ ಒಳಗೆ ಹೋಗುವುದು ಸರಿಯಲ್ಲವೆಂದು ಹೋಗಿಲ್ಲ. ನೋಡಿದಾಗ ಬರೆಯುತ್ತೇನೆ.

ಹಾಡಿನ ಸಾಲನ್ನು ನೀನೂ ಮರೆತೆಯಾ?

ಸಂಗಮ್ಮ


ಲಿಂಗಸುಗೂರು
೧೯೫೧ ನವೆಂಬರ್ ೧೮

ಸಂಗಮ್ಮಕ್ಕನಿಗೆ ಸಲಾಮು.

ಎಲ್ಲರೂ ಕ್ಷೇಮ. ಅವರು ನಿನಗೆ ಸಲಾಮು ಹೇಳಿದ್ದಾರೆ.

ಬಾನಿಯ ವಿಷಯ ಇನ್ನು ಬರೆಯುವುದು ಬೇಡ. ನೋಡುವುದೂ ಬೇಡ.

ಖಾತೂನಳ ನಿಕಾಹ್ ಮಾತು ಮಸ್ಕಿಯ ಕಡೆ ನಡೆದಿದೆ. ಹುಡುಗ ದರ್ಜಿ. ಮದುವೆ ಸಣ್ಣದಾಗಿ ಮಾಡುತ್ತೇವೆ, ಯಾರನ್ನೂ ಕರೆಯುತ್ತಿಲ್ಲ. ನಾನು ಈಗ ಕೌದಿ ಹೊಲಿಯುತ್ತೇನೆ.

ಮಣ್ಣು ಹಾಕುವುದನ್ನು ಮಾತ್ರ ಬಿಡಬೇಡ ಅಕ್ಕ.

ಜಮೀಲಾ


ಹಳ್ಳದ ಓಣಿ, ಸಿಂಧನೂರು
೧೯೫೩ ಜೂನ್ ೧೪

ಪ್ರೀತಿಯ ಜಮೀಲಾ,

ಬಾನಿಯ ಮಾತು ಬೇಡ ಎಂದು ನೀನು ಬರೆದ ದಿನ, ರಹಿಮಾನಣ್ಣನ ಮನಸ್ಸು ಹಗುರಾಯಿತು ಎಂದುಕೊಂಡೆ. ನನ್ನದೂ ಹಗುರಾಯಿತು. ಆ ಹಗುರದಲ್ಲೇ ಒಂದೂವರೆ ವರ್ಷ ಬರೆಯದೆ ಕಳೆದೆ. ಈಗ ಬರೆಯಲೇಬೇಕಾಗಿದೆ, ಗಮನವಿಟ್ಟು ಓದು.

ತುಂಗಭದ್ರೆಯ ಕಾಲುವೆಯ ಕೆಲಸ ನಮ್ಮ ಊರಿನವರೆಗೆ ಬಂತು. ದಢೇಸುಗೂರಿನ ಕಡೆ ಹೊಳೆಯಾಚೆಯವರು ಬಂದು ಹೊಲ ಹಿಡಿದು ಬದು ಹಾಕುತ್ತಿದ್ದಾರೆ. ಜೋಳದ ನೆಲದಲ್ಲಿ ನೆಲ್ಲು ಬೆಳೆಯುತ್ತದಂತೆ. ನೆಲ್ಲಿನ ಬಂಡಿ ಪೇಟೆಗೆ ಬರಬೇಕಾದರೆ ಹಳ್ಳಕ್ಕೆ ಸೇತುವೆ ಬೇಕು, ಸೇತುವೆಗೆ ರಸ್ತೆ ಬೇಕು. ರಸ್ತೆ ನಮ್ಮ ಓಣಿಯ ಮೇಲೆಯೇ ಹಾದುಹೋಗುತ್ತದೆ. ಹಳ್ಳದ ದಂಡೆಯ ಮೂವತ್ತೊಂದು ಮನೆಗಳ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದಾರೆ. ನಮ್ಮೆರಡು ಮನೆ ನಡುವೆ ಎಲ್ಲಿ ಹಾಕಬೇಕೆಂದು ತಿಳಿಯದೆ ನಡುಗೋಡೆಯ ತುದಿಗೆ ಒಂದೇ ಗುರುತು ಹಾಕಿದ್ದಾರೆ.

ಮನೆ ಹೋದವರಿಗೆ ಮಸ್ಕಿ ರಸ್ತೆಯ ಪಕ್ಕದಲ್ಲಿ ಜಾಗ ಕೊಡುತ್ತಾರೆ. ಆದರೆ ಪಟ್ಟಿಯಲ್ಲಿ ಹೆಸರಿರಬೇಕು. ದಸರೆಯ ಮುಂಚೆ ಮೋಜಣಿಯವನು ಬಂದು ಮನೆ ಮನೆಯಲ್ಲಿ ಯಾರಿದ್ದಾರೆ ಎಂದು ನೋಡಿ ಬರೆದುಕೊಳ್ಳುತ್ತಾನಂತೆ. ಆ ದಿನಕ್ಕೆ ರಹಿಮಾನಣ್ಣನಾದರೂ ನೀನಾದರೂ ಇಲ್ಲಿರಲೇಬೇಕು. ಬಾಗಿಲಲ್ಲಿ ನಿಂತು ‘ಇದು ನಮ್ಮದು’ ಎಂದರೆ ಸಾಕು. ಒಂದು ದಿನ ಬಂದು ಹೋಗಿರಿ.

ಉತ್ತರ ಕೂಡಲೇ ಬರೆ.

ಸಂಗಮ್ಮ


ಹಳ್ಳದ ಓಣಿ, ಸಿಂಧನೂರು
೧೯೫೩ ಅಕ್ಟೋಬರ್ ೨೮

ಜಮೀಲಾ,

ನಿನ್ನಿಂದ ಉತ್ತರವಿಲ್ಲ. ಮೋಜಣಿಯವನು ಬಂದು ಹೋದ. ಆಗುವುದು ಆಗಿದೆ. ಕಾಗದದಲ್ಲಿ ಬರೆದರೆ ಬೇರೆಯಾಗಿ ಕಂಡೀತು. ನೀನು ಬಂದಾಗ ಕೂತು ಮಾತಾಡೋಣ. ಬೇಗ ಬಾ.

ಸಂಗಮ್ಮ


ಮಸ್ಕಿ
೧೯೫೪ ಜನವರಿ ೧೭

ಸಂಗಮ್ಮನವರಿಗೆ,

ನಾನು ಮಸ್ಕಿಗೆ, ಮಗಳ ಮನೆಗೆ ಬಂದು ಎರಡು ವರ್ಷವಾಯಿತು. ನಿಮ್ಮ ಎರಡು ಕಾಗದಗಳು ಲಿಂಗಸುಗೂರಿನಲ್ಲಿ ಅಣ್ಣನ ಮನೆಯ ಗೂಡಿನಲ್ಲಿ ಬಿದ್ದಿದ್ದವು. ಗೌಸ್‌ಸಾಬ್ ನಿನ್ನೆ ತಂದುಕೊಟ್ಟ. ಜೊತೆಗೆ ಸುದ್ದಿಯನ್ನೂ ತಂದ.

ಚಾವಡಿಯ ಮುಂದೆ ಪಟ್ಟಿ ಓದಿದಾಗ ಅವನು ಅಲ್ಲಿದ್ದನಂತೆ. ‘ರಂಗಾರಿ ರಹಿಮಾನನ ಮನೆ, ಕಬ್ಜಾದಾರಳು ಸಂಗಮ್ಮ’ ಎಂದು ಓದಿದರಂತೆ. ನಿಮ್ಮ ಮನೆಗೆ ಒಂದು ಜಾಗ, ನಮ್ಮ ಮನೆಗೆ ಒಂದು ಜಾಗ, ಎರಡೂ ನಿಮಗೆ. ಅವನು ಹೇಳಿದಾಗ ನಾನು ನಂಬಲಿಲ್ಲ. ನಿಮ್ಮ ಅಕ್ಟೋಬರ್ ಕಾಗದ ಓದಿ ನಂಬಿದೆ. ‘ಆಗುವುದು ಆಗಿದೆ’ ಎಂದು ಬರೆದಿದ್ದೀರಿ. ಹೌದು, ಆಗಿದೆ.

ಐದು ವರ್ಷ ಯಾಕೆ ಮಣ್ಣು ಹೊತ್ತಿರಿ ಎಂದು ಈಗ ತಿಳಿಯಿತು. ಮಾಳಿಗೆಗೆ ಯಾರು ಮಣ್ಣು ಹಾಕುತ್ತಾರೋ ಮನೆ ಅವರದು ಎಂದು ಸರಕಾರದವರೂ ನಂಬುತ್ತಾರೆ. ‘ಮಣ್ಣು ಹಾಕುವುದನ್ನು ಬಿಡಬೇಡ’ ಎಂದು ನನ್ನ ಕೈಯಿಂದಲೇ ಬರೆಸಿಕೊಂಡಿರಿ. ಅಕ್ಷರ ಕಲಿಸಿದ್ದು ಇದಕ್ಕೆ ಬಂತು.

ಬೀಗ ಇದೆ ಎಂದು ನೀವು ಮೊದಲ ಕಾಗದದಲ್ಲಿ ಬರೆದಿದ್ದಿರಿ. ನಾವು ಹೊರಟಾಗ ಬೀಗ ಹಾಕಿರಲಿಲ್ಲ. ಹಾಕಲು ಸಮಯವಿರಲಿಲ್ಲ. ಆ ಬೀಗ ಯಾರದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಜಮೀಲಾಬೀ


ಹಳ್ಳದ ಓಣಿ, ಸಿಂಧನೂರು
೧೯೫೪ ಫೆಬ್ರವರಿ ೭

ಜಮೀಲಾ,

ನೀನು ‘ನೀವು’ ಎಂದು ಬರೆದಿದ್ದೀ. ಈಗ ಎಲ್ಲವನ್ನೂ ಬರೆಯುತ್ತೇನೆ.

ಮೋಜಣಿಯವನು ಬಂದ ದಿನ ನಮ್ಮ ಓಣಿಯಲ್ಲಿ ಆರು ಮನೆಗಳಿಗೆ ಬೀಗ ಇತ್ತು. ಐದಕ್ಕೆ ‘ಲಾವಾರಿಸ್’ ಎಂದು ಬರೆದ. ವಾರಸುದಾರರಿಲ್ಲದ್ದು, ಸರಕಾರಕ್ಕೆ ಹೋಗುವಂಥದ್ದು. ನಿಮ್ಮ ಮನೆಗೆ ಬಂದಾಗ ಏಣಿ ಹಚ್ಚಿಸಿ ಮಾಳಿಗೆ ಹತ್ತಿದ. ಹಿಡಿದ ಕೊಡೆ ಮಡಚದೆ ಹತ್ತಿದ್ದರಿಂದ ಮುಂದಿನದು ಕಾಣದೆ ಕಾಲು ಬೆಳಕಿಂಡಿಯೊಳಗೆ ಇಳಿಯಿತು. ‘ಸಾಹೇಬ್ರ, ನಿಮ್ಮ ಕಾಲಿನ ಅಳತಿ ಆಮ್ಯಾಲ ತಗೋರಿ, ಮದಲ ಮನಿ ಅಳೀರಿ’ ಎಂದಳು ಕರೆಮ್ಮ. ಅವನು ಸಿಟ್ಟಿನಲ್ಲಿಯೇ ಕೇಳಿದ:

‘ಈ ಮಣ್ಣು ಹೊಸದೈತಿ. ಯಾರು ಹಾಕ್ಯಾರ?’

‘ನಾ ಹಾಕೀನ್ರಿ.’

‘ಈ ವರ್ಷ ಅಷ್ಟ?’

‘ಐದು ವರ್ಷಾತ್ರಿ.’

‘ಹಂಗಾದ್ರ ಮನಿ ನಿಮ್ಮ ಕಬ್ಜಾದಾಗ ಐತಿ ಅನ್ರಿ.’

ಸೂಗಪ್ಪ ಹಿಂದಿನಿಂದ ‘ಹ್ಞೂಂ ಅನ್ರಿ ಅತ್ತಿಗೆಮ್ಮ, ಬಾಯಿ ಬಿಡ್ರಿ’ ಎಂದ. ನಾನು ಹ್ಞೂಂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅವನು ಬರೆದುಕೊಂಡ. ಇಲ್ಲ ಎಂದಿದ್ದರೆ ಆರನೆಯದೂ ಲಾವಾರಿಸ್ ಆಗುತ್ತಿತ್ತು. ಇದು ನಿಜ, ಆದರೆ ಪೂರ್ತಿ ನಿಜವಲ್ಲ. ಚಾವಡಿಯ ಮುಂದೆ ಪಟ್ಟಿ ಓದಿದಾಗ ನನ್ನ ಹೆಸರು ಎರಡು ಸಲ ಬಂತು. ಎರಡನೆಯ ಸಲ ಕೇಳಿದಾಗ ಮನಸ್ಸಿಗೆ ಹಿತವಾಯಿತು. ಗಂಡ ಸತ್ತ ಮೇಲೆ ಮೈದುನನ ಕೈಕೆಳಗೆ ಬದುಕಿದವಳ ಹೆಸರನ್ನು ಊರ ಮುಂದೆ ಎರಡು ಸಲ ಕೂಗಿದರು. ಮನೆಗೆ ಬರುವಷ್ಟು ದಾರಿ, ಅದು ನನ್ನದೇ ಎಂದುಕೊಂಡೇ ನಡೆದೆ. ಒಲೆಯ ಮುಂದೆ ಕೂತು ಆ ನೀಲಿ ಗೆರೆ ನೋಡಿದ ಮೇಲೆ ಆ ಹಿತ ಹೋಯಿತು.

ಇನ್ನು ಬೀಗ. ಬೀಗ ನನ್ನದು. ಬಾನಿಗಳನ್ನು ನೋಡಿಲ್ಲ ಎಂದು ಬರೆದದ್ದು ಸುಳ್ಳು.

ಗಲಾಟೆಯ ಆ ಸೆಪ್ಟೆಂಬರಿನಲ್ಲಿ ನೀವು ಬೆಳಗಿನ ಹೊತ್ತು ಹಳ್ಳಕ್ಕೆ ಇಳಿದು ಹೋದಿರಿ. ಮಧ್ಯಾಹ್ನ ಅವರು ಬಂದರು. ಬೇರೆ ಊರಿನವರಲ್ಲ, ನಾಲ್ವರು ನಮ್ಮ ಓಣಿಯವರೇ, ನೀನು ಅವರ ಮನೆಯ ಧೋತರಕ್ಕೂ ಸೀರೆಗೂ ಬಣ್ಣ ಹಾಕಿಕೊಟ್ಟವಳು. ಸೂಗಪ್ಪ ಒಳಗೆ ಬಂದು ಕೇಳಿದ: ‘ಅತ್ತಿಗೆಮ್ಮ, ಗುದ್ದಲಿ ಎಲ್ಲೈತಿ?’

‘ಬಾಗಿಲ ಹಿಂದ ಐತಿ’ ಎಂದೆ.

ಯಾಕೆ ಎಂದು ನನಗೆ ಗೊತ್ತಿತ್ತು, ಜಮೀಲಾ. ಗೊತ್ತಿದ್ದೇ ಹೇಳಿದೆ. ಹೆದರಿಕೆ ಇತ್ತು, ಆದರೆ ಹೆದರಿದವಳು ಗೊತ್ತಿಲ್ಲ ಎನ್ನಬಹುದಿತ್ತು. ಆಮೇಲೆ ನಡುಗೋಡೆಗೆ ಬೆನ್ನು ಹಚ್ಚಿ ಕೂತೆ. ನಾಲ್ಕು ಬಾನಿ ಒಡೆದದ್ದನ್ನು ಬೆನ್ನಿನಿಂದ ಕೇಳಿದೆ. ನೀಲಿ ನಿಮ್ಮ ಹಿತ್ತಲು ದಾಟಿ ಬಚ್ಚಲ ಕಾಲುವೆಗೆ ಇಳಿದು ಹಳ್ಳದವರೆಗೆ ಹರಿಯಿತು. ಮರುದಿನ ನಾನು ಹೋಗಿ ಹೋಳುಗಳನ್ನು ಒಂದು ಮೂಲೆಗೆ ಕೂಡಿಸಿ, ಬಾಗಿಲೆಳೆದು ನಮ್ಮ ಬೀಗ ಹಾಕಿದೆ. ಪ್ರತಿ ವರ್ಷ ನಿಮ್ಮ ಮಾಳಿಗೆಯ ಮಣ್ಣು ಹರಡಿದ್ದು ಅದೇ ಗುದ್ದಲಿಯಿಂದ. ನನ್ನ ಗೋಡೆಯ ಸ್ವಾರ್ಥ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು.

ಈಗ ಮಾಡಬೇಕಾದದ್ದು ಇಷ್ಟು. ಪಟ್ಟಿಗೆ ತಕರಾರು ಹಾಕಲು ಮೇ ಕೊನೆಯವರೆಗೆ ಸಮಯವಿದೆ. ರಹಿಮಾನಣ್ಣ ತಾವೇ ಕಚೇರಿಗೆ ಬಂದು ‘ಮನೆ ನನ್ನದು’ ಎಂದು ಹೆಬ್ಬೆಟ್ಟು ಒತ್ತಬೇಕು. ನಾನು ಅಲ್ಲ ಎನ್ನುವುದಷ್ಟೇ ಸಾಲದು. ಅವರು ಹೌದು ಎನ್ನಬೇಕು. ಅವರನ್ನು ಕಳಿಸು. ನನ್ನ ಮುಖ ನೋಡಬೇಕಾಗಿಲ್ಲ.

ಸಂಗಮ್ಮ


ಮಸ್ಕಿ
೧೯೫೪ ಮಾರ್ಚ್ ೨೧

ಸಂಗಮ್ಮಕ್ಕ,

ಅವರನ್ನು ಕಳಿಸಲಾರೆ. ಅವರು ತೀರಿಕೊಂಡು ಎರಡೂವರೆ ವರ್ಷವಾಯಿತು. ೧೯೫೧ರ ಸೆಪ್ಟೆಂಬರಿನಲ್ಲಿ, ಲಿಂಗಸುಗೂರಿನಲ್ಲಿ. ಜ್ವರ ಎಂದರು. ಆ ನವೆಂಬರಿನಲ್ಲಿ ‘ಅವರು ಸಲಾಮು ಹೇಳಿದ್ದಾರೆ’ ಎಂದು ನಾನೇ ಬರೆದೆ. ನೀನು ಮಾಳಿಗೆಗೆ ಮಣ್ಣು ಹಾಕುತ್ತಿರುವುದು ಅವರಿಗಾಗಿ ಎಂದುಕೊಂಡಿದ್ದೆ. ಅವರಿಲ್ಲ ಎಂದು ತಿಳಿದರೆ ಮಣ್ಣು ನಿಲ್ಲುತ್ತದೆ. ಮಣ್ಣು ನಿಂತರೆ ಒಂದು ಮಳೆಗಾಲದಲ್ಲಿ ಮನೆ ಕೂರುತ್ತದೆ. ಅವರು ಎಲ್ಲೋ ಒಂದು ಕಡೆ ಇದ್ದಾರೆ ಎಂದು ನಂಬುವವಳು ಒಬ್ಬಳಾದರೂ ಇರಲಿ ಅನ್ನಿಸಿತು. ನಾನೂ ಸುಳ್ಳು ಬರೆದವಳೇ. ಹೋದ ಕಾಗದದಲ್ಲಿ ನಿನ್ನ ಮೇಲೆ ಅಷ್ಟು ಸಿಟ್ಟಾದೆ.

ಇನ್ನೊಂದು ಮಾತು ಇದೆ. ಬರೆಯಬೇಕೋ ಬೇಡವೋ ಎಂದು ಹತ್ತು ದಿನ ನೋಡಿದೆ.

ಬಾನಿ ಒಡೆದದ್ದು ಅವರಿಗೆ ಗೊತ್ತಿತ್ತು. ಆ ದಿನ ನಾವು ಹಳ್ಳ ದಾಟಿ ಆಚೆ ದಂಡೆಯ ಜಾಲಿಯೊಳಗೆ ಸಂಜೆಯವರೆಗೆ ಅಡಗಿದ್ದೆವು. ಅಲ್ಲಿಂದ ಹಿತ್ತಲು ಕಾಣುತ್ತದೆ. ಸೂಗಪ್ಪನ ಕೈಯಲ್ಲಿ ಗುದ್ದಲಿ ಕಂಡರು. ಅದು ನಿಮ್ಮ ಮನೆಯ ಗುದ್ದಲಿ ಎಂದು ಹಿಡಿಕೆಯಿಂದಲೇ ಗುರುತು ಹಿಡಿದರು. ಆ ಹಿಡಿಕೆ ಕೆತ್ತಿಕೊಟ್ಟವರು ಅವರೇ.

ಆದರೂ ಪ್ರತಿ ಸಲ ‘ಬಾನಿ ಹ್ಯಾಂಗ ಅದಾವ, ಬರೀ ಅನ್ನು’ ಎನ್ನುತ್ತಿದ್ದರು. ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎಂದು ಒಮ್ಮೆ ಜಗಳ ಮಾಡಿದೆ. ಅವರು ಹೇಳಿದ್ದು: ‘ಸಂಗಮ್ಮಕ್ಕ ಒಡದಾವು ಅಂತ ಬರದ ದಿನ ಊರಿಗೆ ಹೋಗಾಕ ಗಂಟು ಕಟ್ಟೂಣು. ಅಷ್ಟು ಹೇಳವರು ಒಬ್ಬರು ಆ ಓಣ್ಯಾಗ ಅದಾರ ಅಂದ್ರ ಸಾಕು, ಮತ್ತ ಬಾನಿ ಮಾಡಿಸ್ಕೋತೀನಿ.’

ಅವರು ಅಂಚೆಯ ದಾರಿ ನೋಡುತ್ತಿದ್ದರು. ನಿನ್ನ ೧೯೫೦ರ ಕಾಗದ ಓದಿ ಹೇಳಿದಾಗ ‘ಆತು ಬಿಡು’ ಎಂದರು. ಆಮೇಲೆ ಕೇಳಲಿಲ್ಲ.

ನಿನ್ನನ್ನು ಚುಚ್ಚಲು ಬರೆದದ್ದಲ್ಲ. ನಾನೊಬ್ಬಳೇ ಹೊತ್ತುಕೊಂಡಿರಲಾರೆ, ಅದಕ್ಕೆ.

ಅತ್ತೆಯ ಸಾಲು ಕೇಳಿದ್ದೆಯಲ್ಲ. ನನಗೆ ಮರೆತಿರಲಿಲ್ಲ. ಬರೆಯಬೇಡ, ಅಕ್ಕನಿಗೆ ನೋವಾದೀತು ಎಂದು ಅವರೇ ತಡೆದರು. ‘ಹೊಲದ ಮಣ್ಣು ಮುಗಿಲಿಗೆ ಬಾ ಅಂತು, ಮಾಳಿಗಿ ಮಣ್ಣು ಸುಮ್ಮಕ ಕುಂತು.’ ಇಷ್ಟೇ.

ಜಮೀಲಾ


ಹಳ್ಳದ ಓಣಿ, ಸಿಂಧನೂ​ರು
೧೯೫೪ ಏಪ್ರಿಲ್ ೧೧

ಜಮೀಲಾ,

ಬರೆಯದಿದ್ದರೆ ಏನಾಗುತ್ತದೆಂದು ಈಗ ತಿಳಿದಿದೆ. ಅದಕ್ಕೆ ಇಷ್ಟನ್ನಾದರೂ ಬರೆಯುತ್ತೇನೆ.

ಬಾನಿಗಳು ಒಡೆದಿವೆ, ರಹಿಮಾನಣ್ಣ. ನಾಲ್ಕೂ ಒಡೆದಿವೆ.

ಕಚೇರಿಯಲ್ಲಿ ವಿಚಾರಿಸಿದೆ. ಹೆಂಡತಿ ಬಂದು ಸಹಿ ಮಾಡಿದರೆ ನಡೆಯುತ್ತದೆ. ಮನೆ ನಿಮ್ಮದೇ ಎಂದು ಇಬ್ಬರು ನೆರೆಯವರ ಸಾಕ್ಷಿ ಬೇಕು. ಒಬ್ಬಳು ಕರೆಮ್ಮ. ಇನ್ನೊಬ್ಬಳು ನಾನಾಗಬಹುದೇ? ಬೇಡವೆಂದರೆ ಬೇರೆಯವರನ್ನು ಹುಡುಕುತ್ತೇನೆ.

ಸಂಗಮ್ಮ


ಮಸ್ಕಿ
೧೯೫೪ ಮೇ ೨೩

ಸಂಗಮ್ಮಕ್ಕನಿಗೆ,

ನಾನು ಬಂದಿದ್ದೆ. ಗುರುವಾರ ಬೆಳಗಿನ ಮೋಟಾರಿಗೆ ಗೌಸ್‌ಸಾಬನ ಜೊತೆ ಬಂದು ಕಚೇರಿಯಲ್ಲಿ ಸಹಿ ಮಾಡಿ, ಮಧ್ಯಾಹ್ನದ ಮೋಟಾರಿಗೆ ತಿರುಗಿ ಬಂದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಂದ ಗುಮಾಸ್ತನಿಗೆ ನಾನು ಬರೆಯಬಲ್ಲೆ ಎಂದೆ. ‘ಇವರಿಗೆ ಕನ್ನಡ ಬರತೈತೇನು?’ ಎಂದು ಅವನು ನನ್ನನ್ನು ಬಿಟ್ಟು ಗೌಸ್‌ಸಾಬನನ್ನು ಕೇಳಿದ. ಸಾಕ್ಷಿಯ ಜಾಗದಲ್ಲಿ ಕರೆಮ್ಮನ ಹೆಬ್ಬೆಟ್ಟಿನ ಕೆಳಗೆ ನಿನ್ನ ಸಹಿ ಇತ್ತು. ನಾನು ಕಲಿತ ಅಕ್ಷರ ಅವೇ. ನನ್ನದೂ ನಿನ್ನದೂ ಒಬ್ಬರೇ ಬರೆದಂತೆ ಕಂಡವು. ಅದರ ಕೆಳಗೆ ಇನ್ನೊಂದು ಸಾಲು ನೀನಾಗಿ ಬರೆದಿದ್ದೆ, ಯಾರೂ ಕೇಳದೆ: ಬಾನಿ ಒಡೆದವರ ಹೆಸರು, ಗುದ್ದಲಿ ಯಾರ ಮನೆಯದೆಂದು. ಗುಮಾಸ್ತ ‘ಇದು ಬೇಕಾಗಿರಲಿಲ್ಲ’ ಎಂದ. ನಾನು ಇರಲಿ ಎಂದೆ.

ನಿನ್ನ ಬಾಗಿಲಿಗೆ ಬರಲಿಲ್ಲ. ಸೇತುವೆಗೆ ಕಲ್ಲು ಒಟ್ಟಿದ್ದಾರಲ್ಲ, ಅಲ್ಲಿಯವರೆಗೆ ಬಂದು ನಿಂತೆ. ಎರಡು ಮಾಳಿಗೆಯೂ ಕಂಡವು. ಎರಡರ ಮೇಲೂ ಹೊಸ ಮಣ್ಣು. ನಡುವೆ ಗೆರೆ ಎಲ್ಲಿದೆ ಎಂದು ಅಷ್ಟು ದೂರದಿಂದ ತಿಳಿಯಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಬೇಡ. ಕಾಲು ಬರಲಿಲ್ಲ.

ಜಮೀಲಾ


ಮಸ್ಕಿ ರಸ್ತೆ, ಸಿಂಧನೂರು
೧೯೫೬ ಡಿಸೆಂಬರ್ ೨

ಪ್ರೀತಿಯ ಜಮೀಲಾ,

ನೀನು ಕೇಳಬೇಡ ಎಂದೆ. ಎರಡೂವರೆ ವರ್ಷ ಕೇಳಲಿಲ್ಲ. ಈ ಕಾಗದದ ಜೊತೆ ನಿನ್ನ ಜಾಗದ ಹಕ್ಕುಪತ್ರ ಇದೆ. ಹೋದ ತಿಂಗಳಿನಿಂದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದೆ, ಕಚೇರಿಯ ಕಾಗದಗಳೂ ಕನ್ನಡದಲ್ಲಿ ಬರತೊಡಗಿವೆ. ನಿನ್ನ ಹೆಸರು ನೀನೇ ಓದಿಕೋ: ಜಮೀಲಾಬೀ, ಗಂಡ ದಿವಂಗತ ರಹಿಮಾನ್, ಜಾಗ ಹದಿನೆಂಟು. ನನ್ನದು ಹದಿನೇಳು. ಪಟ್ಟಿಯ ಕ್ರಮದಂತೆ ಕೊಟ್ಟಿದ್ದಾರೆ, ನಾನು ಕೇಳಿಕೊಂಡದ್ದಲ್ಲ.

ಓಣಿಯನ್ನು ಮಾರ್ಚಿನಲ್ಲಿ ಕೆಡವಿದರು. ನಿಮ್ಮ ಮನೆ ಮೊದಲು, ನಮ್ಮದು ಆಮೇಲೆ. ಎರಡೂ ಬಿದ್ದ ಮೇಲೆ ನಡುಗೋಡೆಯೊಂದೇ ದಿನವಿಡೀ ನಿಂತಿತ್ತು. ಇಷ್ಟು ವರ್ಷ ಒಂದೇ ಬದಿ ನೋಡಿದ್ದ ನಾನು ಎರಡೂ ಬದಿ ಸುತ್ತಿ ನೋಡಿದೆ. ನನ್ನ ಬದಿಗೆ ಆ ನೀಲಿ ಗೆರೆ. ನಿನ್ನ ಬದಿಗೆ ದೀಪದ ಗೂಡಿನ ಮಸಿ, ಖಾತೂನಳ ಎತ್ತರ ಅಳೆದು ರಹಿಮಾನಣ್ಣ ಬಣ್ಣದ ಬೆರಳಿನಿಂದ ಇಟ್ಟ ಗುರುತುಗಳು, ಐದೋ ಆರೋ. ಸಂಜೆ ಹಗ್ಗ ಹಾಕಿ ಎಳೆದರು. ಅದು ಬೀಳುವವರೆಗೂ ನಾನು ಅದಕ್ಕೆ ಎದುರಾಗಿಯೇ ನಿಂತಿದ್ದೆ. ಆ ಸಲದಂತೆ ಬೆನ್ನು ಕೊಡಲಿಲ್ಲ.

ಮಾಳಿಗೆಯ ಮಣ್ಣನ್ನು ಬಿಡಲು ಮನಸ್ಸಾಗಲಿಲ್ಲ. ಏಳು ವರ್ಷದ ಮಣ್ಣು. ಗೌಸ್‌ಸಾಬ್ ಆರು ಬಂಡಿ ಹೊಡೆದ. ಯಾವುದು ನಿಮ್ಮ ಮಾಳಿಗೆಯದು, ಯಾವುದು ನಮ್ಮದು ಎಂದು ಬೇರೆ ಮಾಡಲು ಆಗಲಿಲ್ಲ. ಹದಿನೇಳರ ಮತ್ತು ಹದಿನೆಂಟರ ನಡುವೆ ಒಂದೇ ಗುಡ್ಡೆ ಹಾಕಿದ್ದೇವೆ. ಇಲ್ಲಿ ಎಲ್ಲರೂ ತಗಡು ಹಾಕಿಸುತ್ತಿದ್ದಾರೆ, ಮಣ್ಣು ಯಾರಿಗೂ ಬೇಕಿಲ್ಲ. ಹಾದುಹೋಗುವವರು ನಗುತ್ತಾರೆ.

ಸೂಗಪ್ಪ ಬೇರೆಯಾದ. ನಾನು ಕಚೇರಿಯಲ್ಲಿ ಬರೆದುಕೊಟ್ಟ ಮೇಲೆ ನನ್ನ ಜೊತೆ ಮಾತಿಲ್ಲ. ಗುದ್ದಲಿ ನನ್ನ ಬಳಿಯೇ ಇದೆ. ಅದನ್ನು ಹಳ್ಳಕ್ಕೆ ಎಸೆಯುವುದು ಸುಲಭವಿತ್ತು. ಹಿಡಿಕೆ ರಹಿಮಾನಣ್ಣ ಕೆತ್ತಿದ್ದು ಎಂದು ನೀನು ಬರೆದ ಮೇಲೆ ಅದನ್ನು ಹಿಡಿದಾಗಲೆಲ್ಲ ಕೈ ತಾನಾಗಿ ನಿಲ್ಲುತ್ತದೆ. ಹಾಗೇ ನಿಲ್ಲಲಿ ಎಂದು ಇಟ್ಟುಕೊಂಡಿದ್ದೇನೆ.

ನಿನ್ನ ಅತ್ತೆಯ ಸಾಲನ್ನು ಬಹಳ ಯೋಚಿಸಿದೆ. ಸುಮ್ಮನೆ ಕೂರುವುದು ಮಾಳಿಗೆಯ ಮಣ್ಣಿಗೆ ಒಪ್ಪುತ್ತದೆ, ಅದರ ಕೆಲಸವೇ ಅದು. ನಾನು ಮಣ್ಣಲ್ಲ. ಅದಕ್ಕೇ ಈಗ ಬಾಯಿ ಬಿಟ್ಟು ಕೇಳುತ್ತೇನೆ: ಬರುತ್ತೀಯಾ? ಮಾರುವುದಾದರೂ ಜಾಗ ನಿನ್ನದು, ಮಗಳಿಗೆ ಕೊಡುವುದಾದರೂ ನಿನ್ನದು. ನೆರೆಯಲ್ಲಿ ನಾನಿರುವುದು ಬೇಡವೆನಿಸಿದರೆ ಅದನ್ನೂ ಬರೆ; ಜಾಗ ಬದಲಿಸಿಕೊಡಿ ಎಂದು ನಾನೇ ಅರ್ಜಿ ಹಾಕಿ ಬೇರೆ ಕಡೆ ಹೋಗುತ್ತೇನೆ. ಸುಮ್ಮನೆ ಮಾತ್ರ ಇರಬೇಡ.

ಇನ್ನೂ ಬರೆಯುತ್ತಿದ್ದೆ, ಅಷ್ಟರಲ್ಲಿ ಹತ್ತೊಂಬತ್ತರ ಕರೆಮ್ಮ ಸೆರಗಿಗೆ ಗಾರೆ ಮೆತ್ತಿಕೊಂಡು ಬಂದಿದ್ದಾಳೆ. ಇವತ್ತು ನನ್ನ ಮನೆಯ ಬದಿಗೋಡೆಗೆ ಪಾಯ ತೋಡಲು ಗೌಂಡಿ ಬಂದಿದ್ದಾನೆ. ನಿನ್ನ ಜಾಗದ ಬದಿಗೆ ಹಗ್ಗ ಹಿಡಿದು ನಿಂತಿದ್ದಾನೆ. ಬಾಗಿಲ ಚೌಕಟ್ಟಷ್ಟೇ ನಿಂತಿರುವ ಈ ಮನೆಯ ಹೊಸ್ತಿಲ ಮೇಲೆ ನಿಂತು ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಉತ್ತರ ನೀನು ಕೊಡಬೇಕು:

‘ಅಕಿ ಬರ್ತಾಳೋ ಇಲ್ಲೋ ಆಮ್ಯಾಲಿನ ಮಾತು ಸಂಗಮ್ಮಕ್ಕ. ನಡುವ ಗ್ವಾಡಿ ಒಂದ ಹಾಕೂದೋ ಎರಡು ಹಾಕೂದೋ, ಅಷ್ಟು ಕೇಳಿ ಹೇಳು. ಗೌಂಡಿ ಕಾಯಾಕತ್ತಾನ.’